ಯಾವುದಾದರೂ ಆದೀತು

ಮೈಸೂರಿನ ದೇವರಾಜ ಅರಸು ರಸ್ತೆಯ ಜವಳಿ ಅಂಗಡಿಯೊಂದರಲ್ಲಿ ಶ್ರಾವಣದ ಒಂದು ಮಧ್ಯಾಹ್ನ. ಮದುವೆಯ ಜವಳಿಗೆಂದು ಬಂದ ಸಂಸಾರವೊಂದು ಬಿಳಿಯ ಹಾಸಿನ ಮೇಲೆ ಕುಳಿತು ಆಗಲೇ ಎರಡೂವರೆ ಗಂಟೆಯಾಗಿದೆ. ಅಂಗಡಿಯ ಹುಡುಗ ಮಡಿಕೆ ಬಿಚ್ಚಿ ಹರವಿದ ಸೀರೆಗಳು ಗುಡ್ಡೆಗುಡ್ಡೆಯಾಗಿ ಬಿದ್ದಿವೆ. ಹೆಂಗಸರ ನಡುವೆ ನಡೆಯುತ್ತಿರುವ ಚರ್ಚೆಯನ್ನು ಕೇಳಿದವರಿಗೆ ಕನ್ನಡ ನುಡಿಯ ಸಂಪತ್ತಿನ ವಿಷಯದಲ್ಲಿ ಯಾವ ಸಂಶಯವೂ ಉಳಿಯಲಾರದು. ಗಿಳಿಹಸಿರು ಬೇರೆ, ಎಲೆಹಸಿರು ಬೇರೆ, ಪಾಚಿಹಸಿರು ಬೇರೆ. ಈರುಳ್ಳಿ ಸಿಪ್ಪೆಯ ಬಣ್ಣ ಒಬ್ಬಳಿಗೆ ಒಪ್ಪುತ್ತದೆ, ಇನ್ನೊಬ್ಬಳಿಗೆ ಒಪ್ಪದು. ನವಿಲುಕತ್ತಿನ ಬಣ್ಣಕ್ಕೆ ಅರಿಶಿನದ ಅಂಚು ಸಾಲದು, ಕುಂಕುಮದ ಅಂಚೇ ಆಗಬೇಕು. ಬದನೆಕಾಯಿ, ನೇರಳೆ, ಕಾಫಿಪುಡಿ, ಮಾವಿನ ಹಣ್ಣು — ತರಕಾರಿ ಮಾರುಕಟ್ಟೆ, ಹಣ್ಣಿನಂಗಡಿ, ಹೂವಿನ ಸಾಲು ಎಲ್ಲವೂ ಆ ಹಾಸಿನ ಮೇಲೆ ಬಂದು ಇಳಿದಿವೆ.

ಕೊನೆಗೆ ಹುಡುಗ ಬೆವರು ಒರೆಸಿಕೊಂಡು, ಗೋಡೆಗೆ ಒರಗಿ ಅರೆನಿದ್ದೆಯಲ್ಲಿದ್ದ ಹಿರಿಯರತ್ತ ತಿರುಗಿ, “ಸಾರ್‌ಗೆ ಏನು ತೋರಿಸಲಿ?” ಎಂದು ಕೇಳಿದ.

ಹಿರಿಯರು ಕಣ್ಣು ತೆರೆದು, “ಯಾವುದಾದರೂ ಆದೀತಪ್ಪ,” ಎಂದರು.

ಈ ಹಿರಿಯರು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದ ಮೇಷ್ಟರು. ವಯಸ್ಸು ಎಪ್ಪತ್ತು ದಾಟಿದೆ. ಮದುವೆ ಅವರ ಮೊಮ್ಮಗಳದು. ಎರಡೂವರೆ ಗಂಟೆ ಸೀರೆಗೆ ಸಂದ ಮೇಲೆ ಅವರ ಪಾಲಿಗೆ ಬಂದದ್ದು ಒಂದು ಪ್ರಶ್ನೆ, ಅದಕ್ಕೆ ಅವರು ಕೊಟ್ಟದ್ದು ಎರಡು ಮಾತಿನ ಉತ್ತರ. ಅವರನ್ನು ಜಿಪುಣರೆಂದಾಗಲಿ ವೈರಾಗ್ಯಶೀಲರೆಂದಾಗಲಿ ಭಾವಿಸಬೇಕಾಗಿಲ್ಲ. ಊರಿನ ಯಾವ ಜವಳಿ ಅಂಗಡಿಗೆ ಹೋಗಿ ನಿಂತರೂ ಗೋಡೆಗೆ ಒರಗಿದ ಗಂಡಸರ ಬಾಯಿಂದ ಇದೇ ಎರಡು ಮಾತು ಕೇಳಿಬರುತ್ತವೆ.

“ಯಾವುದಾದರೂ ಆದೀತು” ಎಂಬುದನ್ನು ಮಧ್ಯಮವರ್ಗದ ಮನೆಗಳಲ್ಲಿ ಒಂದು ಗುಣವೆಂದೇ ಎಣಿಸಿಕೊಂಡು ಬಂದಿದ್ದಾರೆ. ಗಂಡಸು ಹಟಮಾರಿಯಲ್ಲ, ಖರ್ಚಿನವನಲ್ಲ, ಕನ್ನಡಿಯ ಮುಂದೆ ನಿಲ್ಲುವವನಲ್ಲ ಎಂದು ಹೆಂಡತಿಯೂ ನೆರೆಹೊರೆಯವರೂ ಮೆಚ್ಚುತ್ತಾರೆ. ಆದರೆ ಆ ಮಾತನ್ನು ಸ್ವಲ್ಪ ಬೆಳಕಿಗೆ ಹಿಡಿದು ನೋಡಿದರೆ ಅದರಲ್ಲಿ ತೃಪ್ತಿಗಿಂತ ಮಿಗಿಲಾಗಿ ಒಂದು ಬರಿದು ಕಾಣುತ್ತದೆ. ಚಿಕ್ಕಂದಿನಲ್ಲಿ ಅವನ ಬಟ್ಟೆಯನ್ನು ತಾಯಿ ಆರಿಸಿದಳು; ಥಾನಿನಲ್ಲಿ ಹರಿದು ತಂದು ಅಣ್ಣತಮ್ಮಂದಿರಿಗೆಲ್ಲ ಒಂದೇ ಬಗೆಯ ಅಂಗಿ ಹೊಲಿಸಿದಳು. ಮದುವೆಯಾದ ಮೇಲೆ ಹೆಂಡತಿ ಆರಿಸಿದಳು. ಮುಪ್ಪಿನಲ್ಲಿ ಸೊಸೆಯೋ ಮಗಳೋ ಹಬ್ಬಕ್ಕೊಂದು ಪೊಟ್ಟಣ ತಂದಿಡುತ್ತಾರೆ. ಅವನ ಕುತ್ತಿಗೆಯ ಅಳತೆ ಮನೆಯವರಿಗೆಲ್ಲ ಗೊತ್ತು. ಅವನಿಗೆ ಮಾತ್ರ ಗೊತ್ತಿಲ್ಲ. ಬಟ್ಟೆ ಹಾಗಿರಲಿ, “ನನಗೆ ಇದು ಇಷ್ಟ” ಎಂಬ ವಾಕ್ಯವನ್ನೇ ಅವನು ಎಷ್ಟು ವರ್ಷಗಳ ಹಿಂದೆ ಕೊನೆಯ ಸಲ ಆಡಿದನೆಂದು ಕೇಳಿದರೆ ಲೆಕ್ಕದ ಮೇಷ್ಟರಿಗೂ ಲೆಕ್ಕ ಸಿಕ್ಕಲಾರದು.

ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎಂದು ಗಾದೆ. ಹೊಟ್ಟೆಗೆ ಬೇಕಾದ್ದನ್ನು ಉಣ್ಣು, ಮೈಗೆ ಮಾತ್ರ ನಾಲ್ಕು ಜನ ಮೆಚ್ಚುವುದನ್ನು ತೊಡು ಎಂದು ಅದರ ತಾತ್ಪರ್ಯ. ಈ ನಾಲ್ಕು ಜನ ಯಾರು, ಯಾವ ಬೀದಿಯವರು, ಅವರಿಗೆ ಬೇರೆ ಕೆಲಸವಿಲ್ಲವೆ ಎಂದು ಯಾರೂ ವಿಚಾರಿಸಿದ್ದಿಲ್ಲ. ಆದರೂ ಅವರ ಭಯದಿಂದ ನಾಡಿನ ಲಕ್ಷಾಂತರ ಗಂಡಸರು ಬಿಳಿ, ಕೆನೆ, ಬೂದಿ, ತಿಳಿನೀಲಿ ಎಂಬ ನಾಲ್ಕೇ ಬಣ್ಣಗಳಲ್ಲಿ ಜೀವಮಾನವನ್ನು ಮುಗಿಸುತ್ತಾರೆ. ಜನಕ್ಕೊಂದರಂತೆ ಬಣ್ಣವೂ ನಾಲ್ಕೇ ಎಂಬುದು ಕಾಕತಾಳೀಯವಿರಬಹುದು!

ಇದರಲ್ಲಿ ನಮ್ಮ ಭಾಷೆಯ ಕೈವಾಡವೂ ಇಲ್ಲದಿಲ್ಲ. ಸೀರೆಗೆ ಅಷ್ಟೊಂದು ಬಣ್ಣದ ಹೆಸರು ಕೊಟ್ಟ ಕನ್ನಡವೇ ಗಂಡಸಿನ ವಿಷಯಕ್ಕೆ ಬಂದಾಗ ಬಣ್ಣವನ್ನು ಸಂಶಯದಿಂದ ನೋಡುತ್ತದೆ. ಹುಸಿ ನುಡಿ ‘ಬಣ್ಣದ ಮಾತು’. ಇದ್ದುದಕ್ಕೆ ಇಲ್ಲದ್ದನ್ನು ಸೇರಿಸಿದರೆ ‘ಬಣ್ಣ ಕಟ್ಟಿದ’ ಎನ್ನುತ್ತೇವೆ. ಮೋಸ ಹೊರಬಿದ್ದರೆ ‘ಬಣ್ಣ ಬಯಲಾಯಿತು.’ ನಂಬಲಾಗದವನು ಗೋಸುಂಬೆಯಂತೆ ಬಣ್ಣ ಬದಲಿಸುತ್ತಾನೆ. ಯಕ್ಷಗಾನದಲ್ಲಿ ರಾಕ್ಷಸ ಪಾತ್ರಕ್ಕೆ ‘ಬಣ್ಣದ ವೇಷ’ವೆಂದೇ ಹೆಸರು. ಇಷ್ಟನ್ನೆಲ್ಲ ಕಿವಿಯಲ್ಲಿ ತುಂಬಿಕೊಂಡು ಬೆಳೆದ ಹುಡುಗ ಮುಂದೆ ಕೆಂಪು ಷರ್ಟಿಗೆ ಕೈಚಾಚುವಾಗ ಅಳುಕಿದರೆ ಆಶ್ಚರ್ಯವೇನು?

ಆದರೆ ಪುರುಷನಿಗೆ ಬಣ್ಣ ಸಲ್ಲದೆಂಬುದು ಪ್ರಕೃತಿಯ ನಿಯಮವೂ ಅಲ್ಲ, ಪೂರ್ವಿಕರ ಕಟ್ಟಳೆಯೂ ಅಲ್ಲ. ನವಿಲುಗಳಲ್ಲಿ ಗರಿ ಗಂಡಿನದು; ಹುಂಜದ ಜುಟ್ಟನ್ನು ನೋಡಿದವರಿಗೆ ಹೆಚ್ಚು ಹೇಳಬೇಕಾದ್ದಿಲ್ಲ. ದೇವರುಗಳನ್ನೇ ತೆಗೆದುಕೊಳ್ಳಿ. ಕೃಷ್ಣನು ಪೀತಾಂಬರಧಾರಿ, ಬಲರಾಮನು ನೀಲಾಂಬರಧಾರಿ. ಒಬ್ಬನ ತಲೆಯ ಮೇಲೆ ನವಿಲುಗರಿ, ಇನ್ನೊಬ್ಬನ ಕಿವಿಯಲ್ಲಿ ಕುಂಡಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ರಾಜನು ಅನುಭವಿಸತಕ್ಕ ಭೋಗಗಳನ್ನು ವಿವರಿಸುತ್ತ ವಸ್ತ್ರಕ್ಕೆಂದೇ ಒಂದು ಭಾಗವನ್ನು ಮೀಸಲಿಟ್ಟಿದ್ದಾನೆ. ರಾಜ್ಯಭಾರ, ಆನೆ, ಕುದುರೆ, ಕೋಟೆಗಳ ವಿಚಾರ ಬರೆದ ಕೈಯೇ ಹೂಮಾಲೆ, ಗಂಧ, ಆಭರಣಗಳ ವಿಚಾರವನ್ನೂ ಬರೆಯಿತು. ಅದರಿಂದ ಅವನ ಗಂಡಸುತನಕ್ಕೆ ಕುಂದು ಬಂತೆಂದು ಯಾವ ಶಾಸನವೂ ಹೇಳುವುದಿಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸ್ ಕೃಷ್ಣದೇವರಾಯನನ್ನು ಕಂಡು ಬರೆದಿಟ್ಟ ಮಾತುಗಳಲ್ಲಿ ಚಿನ್ನದೆಳೆಯ ಗುಲಾಬಿಗಳನ್ನು ಕಸೂತಿ ಮಾಡಿದ ಬಿಳಿಯ ಉಡುಪು, ಕೊರಳಲ್ಲಿ ವಜ್ರದ ಹಾರ, ತಲೆಯ ಮೇಲೆ ಜರತಾರಿ ಕುಲಾವಿ ಕಾಣುತ್ತವೆ. ಬಿಳಿಯನ್ನೇ ಉಟ್ಟರೂ ಅದರ ಮೇಲೆ ಹೂ ಅರಳಿಸಿಕೊಂಡ ಅರಸ ಅವನು. ಕೊಡಗಿನ ಗಂಡಸು ಇಂದಿಗೂ ಮದುವೆಯ ದಿನ ಕುಪ್ಪಸದ ಮೇಲೆ ಕೆಂಪು ರೇಷ್ಮೆಯ ಚೇಲೆಯನ್ನು ಬಿಗಿದು, ಅದರಲ್ಲಿ ಪೀಚೆಕತ್ತಿಯನ್ನು ಸಿಕ್ಕಿಸಿಕೊಂಡು ನಿಲ್ಲುತ್ತಾನೆ. ಉತ್ತರ ಕರ್ನಾಟಕದ ಜಾತ್ರೆಯಲ್ಲಿ ರೈತನ ತಲೆಯ ಮೇಲಿನ ರುಮಾಲು ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ.

ಹಾಗಾದರೆ ಬಣ್ಣ ಹೋದದ್ದೆಲ್ಲಿಗೆ? ಇದನ್ನು ತಿಳಿಯಲು ಸ್ವಲ್ಪ ಯುರೋಪಿನ ಕಡೆ ತಿರುಗಬೇಕಾಗುತ್ತದೆ. ಕಚೇರಿಯ ಉಡುಪು ಬಂದದ್ದು ಅಲ್ಲಿಂದಲೇ. ಅಲ್ಲಿಯೂ ಹಿಂದೆ ಗಂಡಸರೇನೂ ಹಿಂದೆ ಬಿದ್ದಿರಲಿಲ್ಲ. ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆಯನ್ನು ಚಿತ್ರಕಾರ ರಿಗೋ 1701ರಲ್ಲಿ ಬರೆದ ಚಿತ್ರವೊಂದಿದೆ: ಬಿಳಿಯ ರೇಷ್ಮೆಯ ಕಾಲುಚೀಲ, ಕೆಂಪು ಹಿಮ್ಮಡಿಯ ಎತ್ತರದ ಪಾದರಕ್ಷೆ, ಹೆಗಲಿನಿಂದ ಇಳಿದ ಮೇಲಂಗಿ. ಆಗ ಅರಸನಿಗೆ ಅರುವತ್ತಮೂರು ವರ್ಷ! ಆ ವೈಭವಕ್ಕೆ ಪೆಟ್ಟು ಬಿದ್ದುದು 1789ರಲ್ಲಿ. ಆ ವರ್ಷ ಸೇರಿದ ಮಹಾಸಭೆಯಲ್ಲಿ ಶ್ರೀಮಂತವರ್ಗದವರು ಜರಿ, ಗರಿಗಳೊಡನೆ ಬರಬಹುದು, ಸಾಮಾನ್ಯ ಪ್ರಜೆಗಳ ಪ್ರತಿನಿಧಿಗಳು ಮಾತ್ರ ಕರಿಯ ಉಡುಪಿನಲ್ಲಿಯೇ ಬರಬೇಕು ಎಂದು ವಿಧಿಸಲಾಗಿತ್ತು. ಕ್ರಾಂತಿಯಲ್ಲಿ ಗೆದ್ದವರು ಕರಿಯ ಉಡುಪಿನವರು. ಸೋತವರ ಬಣ್ಣ ಅವರ ಜೊತೆಗೇ ಹೋಯಿತು. ಇಂಗ್ಲೆಂಡಿನಲ್ಲಿ ಬ್ರಮ್ಮೆಲ್ ಎಂಬ ಶೋಕಿಲಾಲ ಕಡುನೀಲಿ ಕೋಟು, ಗಂಜಿ ಹಾಕಿದ ಬಿಳಿಯ ಕೊರಳಪಟ್ಟಿ ಇಷ್ಟರಲ್ಲೇ ಸೊಗಸೆಲ್ಲ ಅಡಗಿದೆಯೆಂದು ತೋರಿಸಿದ. 1816ರಲ್ಲಿ ಸಾಲಗಾರರಿಗೆ ಹೆದರಿ ಫ್ರಾನ್ಸಿಗೆ ಓಡಿದ. ಲಂಡನ್ನಿನ ಮನಶ್ಶಾಸ್ತ್ರಜ್ಞ ಫ್ಲೂಗೆಲ್ 1930ರ ತನ್ನ ಗ್ರಂಥದಲ್ಲಿ ಈ ಬದಲಾವಣೆಗೆ ‘ಪುರುಷರ ಮಹಾತ್ಯಾಗ’ವೆಂದು ಹೆಸರಿಟ್ಟ. 18ನೆಯ ಶತಮಾನದ ಕೊನೆಯಲ್ಲಿ ಗಂಡಸು ಚೆಲುವನಾಗಿರುವ ಹಕ್ಕನ್ನು ಬಿಟ್ಟುಕೊಟ್ಟು, ಉಪಯೋಗಿಯಾಗಿದ್ದರೆ ಸಾಕೆಂದು ಒಪ್ಪಿಕೊಂಡ ಎಂದು ಅವನ ಅಭಿಪ್ರಾಯ. ವಿನೋದವೆಂದರೆ, ಪರ್ಕಿನ್ ಎಂಬ ಹದಿನೆಂಟರ ಹುಡುಗ ಕ್ವಿನೈನ್ ಮಾಡಹೋಗಿ 1856ರಲ್ಲಿ ಆಕಸ್ಮಿಕವಾಗಿ ನೇರಳೆ ಬಣ್ಣವನ್ನು ಕಂಡುಹಿಡಿದು, ಅದುವರೆಗೆ ದುಬಾರಿಯಾಗಿದ್ದ ಬಣ್ಣಗಳು ಎಲ್ಲರ ಕೈಗೆ ಎಟಕುವಂತಾಗಲು ದಾರಿ ತೆರೆದ ಹೊತ್ತಿಗೆ ಗಂಡಸು ಬಣ್ಣವನ್ನೇ ಬಿಟ್ಟು ಕುಳಿತಿದ್ದ.

ಆ ತ್ಯಾಗ ಹಡಗು ಹತ್ತಿ ಇಲ್ಲಿಗೂ ಬಂತು. ಕಚೇರಿಯ ಗುಮಾಸ್ತೆಗೆ ಮುಚ್ಚುಗೊರಳಿನ ಕರಿಯ ಕೋಟು ಬಂತು. ಸಿಪಾಯಿಗೆ ಖಾಕಿ ಬಂತು. ಖಾಕ್ ಎಂದರೆ ಧೂಳು. ಆ ಧೂಳಿನ ಬಣ್ಣದ ಬಟ್ಟೆಯನ್ನು 19ನೆಯ ಶತಮಾನದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ನೇಯ್ಗೆ ಕಾರ್ಖಾನೆಯೂ ನೇಯುತ್ತಿತ್ತೆಂಬುದು ಕನ್ನಡಿಗರು ಮರೆತ ಸಂಗತಿಗಳಲ್ಲಿ ಒಂದು.

ಬಿಳಿಯ ವಿಷಯದಲ್ಲಿ ಮಾತ್ರ ಇಷ್ಟು ಹಗುರವಾಗಿ ಮಾತಾಡುವಂತಿಲ್ಲ. ಗಾಂಧೀಜಿಯವರು 1921ರಲ್ಲಿ ಮಧುರೆಯಲ್ಲಿ ಅಂಗಿ ಟೋಪಿಗಳನ್ನು ತ್ಯಜಿಸಿ ತುಂಡುಪಂಚೆಯನ್ನು ಉಟ್ಟಾಗ, ಒಂದು ಪೀಳಿಗೆಯೇ ಬಿಳಿಯ ಖಾದಿಯನ್ನು ಹೆಮ್ಮೆಯಿಂದ ತೊಟ್ಟಾಗ, ಅದು ನಾಲ್ಕು ಜನರ ಭಯದಿಂದ ಹುಟ್ಟಿದ ಬಿಳಿಯಾಗಿರಲಿಲ್ಲ. ಅವರು ಅದನ್ನು ಆರಿಸಿಕೊಂಡರು. ಆರಿಸಿಕೊಂಡದ್ದಕ್ಕೆ ಸೆರೆಮನೆಗೂ ಹೋದರು. ಡಾಕ್ಟರ್ ರಾಜ್‌ಕುಮಾರರು ತೆರೆಯ ಮೇಲೆ ಎಷ್ಟು ಬಗೆಯ ಕಿರೀಟ ತೊಟ್ಟರೂ ಹೊರಗೆ ಬಿಳಿಯ ಪಂಚೆ, ಬಿಳಿಯ ಷರ್ಟಿನಲ್ಲಿ ಕಾಣಿಸಿಕೊಳ್ಳುತ್ತಿದ್ದರು. ಆ ಬಿಳಿಯಲ್ಲಿ ಅವರ ಗುರುತೇ ಇತ್ತು. ಇಂಥ ಬಿಳಿಯ ಮುಂದೆ ಯಾವ ಬಣ್ಣವೂ ತಲೆಬಾಗಬೇಕಾದ್ದೇ. ಬಿಳಿಯ ಷೇರವಾನಿಯ ಗುಂಡಿಯ ರಂಧ್ರದಲ್ಲಿ ನೆಹರೂ ಅವರು ಸಿಕ್ಕಿಸಿಕೊಳ್ಳುತ್ತಿದ್ದ ಒಂದು ಕೆಂಪು ಗುಲಾಬಿಯನ್ನು ನೆನೆಯಿರಿ. ರಾಷ್ಟ್ರದ ಭಾರ ಹೊತ್ತ ಮನುಷ್ಯನಿಗೆ ಹೂವೊಂದನ್ನು ಹೊರುವುದು ಕಷ್ಟವಾಗಲಿಲ್ಲ. ಆದ್ದರಿಂದ ಮೇಷ್ಟರ ಬಿಳಿಯ ಷರ್ಟಿನ ಮೇಲೆ ತಕರಾರಿಲ್ಲ. ಅದನ್ನು ಅವರು ಆರಿಸಿಕೊಂಡರೆ, ಇಲ್ಲವೆ ಅದು ಅವರ ಮೇಲೆ ಬಂದು ಕುಳಿತಿತೆ ಎಂಬುದಷ್ಟೇ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಅಂಗಡಿಯಲ್ಲಿಯೇ ಸಿಕ್ಕಿತು. “ತಾತ, ಯಾವುದಾದರೂ ಅಂದರೆ ಯಾವುದು? ನಿಮಗೆ ಬಣ್ಣ ಅಂದರೆ ಇಷ್ಟವೇ ಇಲ್ಲವಾ?” ಎಂದು ಮೊಮ್ಮಗಳು ಕೆಣಕಿದಳು. ಮೇಷ್ಟರು ಸುಮ್ಮನಿದ್ದರು. ಅವರ ಹೆಂಡತಿ ಸೀರೆಯ ಗುಡ್ಡೆಯ ಆಚೆಯಿಂದ, “ಇಷ್ಟವಿಲ್ಲದೇನು? ನಿಮ್ಮ ತಾತನ ಬಣ್ಣದ ಷರ್ಟಿನಲ್ಲೇ ನಾನು ನಾಲ್ಕು ವರ್ಷ ಅನ್ನದ ಪಾತ್ರೆ ಇಳಿಸಿದ್ದೀನಿ,” ಎಂದರು.

ಸಂಗತಿ ಹೀಗೆ. 1973ರಲ್ಲಿ ಮೇಷ್ಟರಿಗೆ ಇಪ್ಪತ್ತೊಂದು ವರ್ಷ; ಕೆಲಸಕ್ಕೆ ಸೇರಿ ಮೊದಲ ಸಂಬಳ ಕೈಗೆ ಬಂದಿತ್ತು. ತಾಯಿಗೆ ಸೀರೆ, ತಂದೆಗೆ ಪಂಚೆಯ ಜೋಡಿ ಕೊಂಡ ಮೇಲೆ ಉಳಿದ ಹಣದಲ್ಲಿ ತನಗೆಂದು ಎರಡೂವರೆ ಗಜ ಬಟ್ಟೆ ಹರಿಸಿದರು. ಕನಕಾಂಬರದ ಬಣ್ಣ. ದರ್ಜಿ ಆ ಕಾಲದ ಮೋಸ್ತರಿನಂತೆ ಆನೆಕಿವಿಯಂತಹ ಕಾಲರು ಇಟ್ಟು ಹೊಲಿದುಕೊಟ್ಟ. ಅದನ್ನು ತೊಟ್ಟು ನಂಜನಗೂಡಿನ ಮನೆಯ ಪಡಸಾಲೆಗೆ ಬಂದಾಗ ತಂದೆ ಪಂಚಾಂಗದಿಂದ ತಲೆ ಎತ್ತಿ ಒಂದು ಸಲ ನೋಡಿದರು. “ಹೆಂಗಸರು ಮುಡಿಯೋದನ್ನ ನೀನು ತೊಡ್ತೀಯೇನೋ?” ಎಂದರು. ಗದರಲಿಲ್ಲ, ಕೂಗಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, “ಮೇಷ್ಟ್ರಾದವನು ಬಣ್ಣ ಕಟ್ಟಿಕೊಂಡು ನಿಂತರೆ ಹುಡುಗರು ಪಾಠ ಕೇಳ್ತಾರೋ, ಬಟ್ಟೆ ನೋಡ್ತಾರೋ?” ಎಂದು ಇನ್ನೊಂದು ಮಾತು ಸೇರಿಸಿ ಪಂಚಾಂಗಕ್ಕೆ ಮರಳಿದರು. ಷರ್ಟು ಒಂದೇ ಗಂಟೆ ಮೈಮೇಲಿತ್ತು. ಪೆಟ್ಟಿಗೆಯ ತಳ ಸೇರಿ, ಒಂದೆರಡು ವರ್ಷಗಳಲ್ಲಿ ತಾಯಿಯ ಕೈಯಲ್ಲಿ ನಾಲ್ಕು ತುಂಡಾಗಿ ಮಸಿಬಟ್ಟೆಯಾಯಿತು. ಅದು ಆಗ ಎಲ್ಲರೂ ಮುಗಿಬಿದ್ದು ಕೊಳ್ಳುತ್ತಿದ್ದ ಟೆರಿಲಿನ್ ಆಗಿದ್ದರೆ ಒಲೆಯ ಬಿಸಿಗೆ ಕರಗುವುದೆಂದು ಅಡಿಗೆಮನೆಗೆ ಹೋಗದೆ ಉಳಿಯುತ್ತಿತ್ತೋ ಏನೋ! ದುರದೃಷ್ಟಕ್ಕೆ ಅದು ಅಪ್ಪಟ ಹತ್ತಿ. 1976ರಲ್ಲಿ ಆ ಮನೆಗೆ ಸೊಸೆಯಾಗಿ ಬಂದ ಹುಡುಗಿ, ಮಸಿಯ ನಡುವೆ ಅಲ್ಲಲ್ಲಿ ಇಣುಕುವ ಆ ಬಣ್ಣವನ್ನು ಕಂಡು ಅತ್ತೆಯನ್ನು ಕೇಳಿ ವಿಷಯ ತಿಳಿದುಕೊಂಡಳು. ಗಂಡನ ಬಳಿ ಅದನ್ನು ಎತ್ತಲಿಲ್ಲ. ಅಂದಿನಿಂದ ಅವನಿಗೆ ತಾನೇ ಷರ್ಟು ಆರಿಸತೊಡಗಿದಳು: ಬಿಳಿ, ಕೆನೆ, ಬೂದಿ, ತಿಳಿನೀಲಿ.

ಆ ತಂದೆಯನ್ನು ನಿಷ್ಠುರನೆಂದು ತಿಳಿಯುವುದು ಸುಲಭ. ಆದರೆ ಅದು ಪೂರ್ತಿ ನ್ಯಾಯವಲ್ಲ. ಬೆಳಗಿನ ಪೂಜೆಗೆ ಅವರು ಉಡುತ್ತಿದ್ದುದು ಕಡುಗೆಂಪು ಪಟ್ಟೆಮಡಿ. ಹಣೆಯ ಮೇಲೆ ಕುಂಕುಮ, ಕಿವಿಯಲ್ಲಿ ಕೆಂಪು ಕಲ್ಲಿನ ಒಂಟಿ, ಹೊಳೆಯುವ ಪಟ್ಟೆ — ಹೀಗೆ ದೇವರಮನೆಯಲ್ಲಿ ಕುಳಿತವರನ್ನು ನೋಡಿದರೆ ಬಣ್ಣಕ್ಕೆ ಹೆದರುವ ಮನುಷ್ಯನೆಂದು ಯಾರೂ ಹೇಳಲಾರರು. ಆದರೆ ಹತ್ತು ಗಂಟೆಗೆ ಮನೆಯ ಹೊಸಿಲು ದಾಟುವಾಗ ಅದೇ ಮೈ ಬಿಳಿಯೊಳಗೆ ಅಡಗುತ್ತಿತ್ತು. ದೇವರಿಗೆ ತೋರಿಸಬಹುದಾದ ಬಣ್ಣವನ್ನು ಬೀದಿಗೆ ತೋರಿಸಬಾರದು!

ಇಂದಿಗೂ ಈ ಲೆಕ್ಕಾಚಾರ ಬದಲಾಗಿಲ್ಲ. ಗಂಡಸಿಗೆ ಬಣ್ಣ ನಿಷಿದ್ಧವೇನಲ್ಲ. ಅದಕ್ಕೊಂದು ನೆಪ ಬೇಕು, ಜೊತೆಗೆ ಇನ್ನೊಬ್ಬರ ಅಪ್ಪಣೆ ಬೇಕು. ನವೆಂಬರ್ ಒಂದರಂದು ಹಳದಿ ಕೆಂಪಿನ ಶಾಲು ಹೊದ್ದು ಎದೆಯುಬ್ಬಿಸಿ ನಡೆಯುತ್ತಾನೆ; ಮರುದಿನ ಅದೇ ಹಳದಿಯ ಒಂದು ಕರವಸ್ತ್ರವನ್ನೂ ಜೇಬಿನಲ್ಲಿ ಇಟ್ಟುಕೊಳ್ಳಲಾರ. ಮಗನ ಮದುವೆಯಲ್ಲಿ ಬೀಗರು ತೊಡಿಸಿದರೆ ಜರಿಯ ಪೇಟ ಸರಿ. ನಿವೃತ್ತಿಯ ದಿನ ಶಾಲು, ಹಾರ, ಫಲತಾಂಬೂಲದ ಜೊತೆಗೆ ಮೈಸೂರು ಪೇಟವನ್ನು ತಲೆಯ ಮೇಲಿಟ್ಟಾಗ ಕಣ್ಣಲ್ಲಿ ನೀರು ಬರುತ್ತದೆ. ಆ ಮೇಲೆ ಅದು ಬೀರುವಿನ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಧೂಳು ಕುಡಿಯುತ್ತದೆ. ಇನ್ನೊಬ್ಬರು ತೊಡಿಸಿದರೆ ಮರ್ಯಾದೆ, ತಾನೇ ತೊಟ್ಟರೆ ಶೋಕಿ.

ಅಂಗಡಿಯಲ್ಲಿ ಮಸಿಬಟ್ಟೆಯ ಕಥೆ ಕೇಳಿ ಮೊಮ್ಮಗಳಿಗೆ ನಗುವೂ ಬಂತು, ನಗು ನಿಂತೂ ಹೋಯಿತು. ಅವಳು ಮೊಬೈಲ್ ತೆರೆದು ತಾತನಿಗೆ ಒಂದು ಚಿತ್ರ ತೋರಿಸಿದಳು. ಇಟಲಿಯ ಛಾಯಾಗ್ರಾಹಕ ಟಮಾನ್ಯಿ ಆಫ್ರಿಕದಲ್ಲಿ ತೆಗೆದು 2009ರಲ್ಲಿ ಪುಸ್ತಕವಾಗಿ ಹೊರತಂದ ಚಿತ್ರಗಳಲ್ಲಿ ಅದೊಂದು: ಬಡಬೀದಿಯೊಂದರಲ್ಲಿ ನಡೆದು ಬರುತ್ತಿರುವ ಗಂಡಸು, ಅಡಿಯಿಂದ ಮುಡಿಯವರೆಗೆ ಗುಲಾಬಿ ಬಣ್ಣದ ಸೂಟು, ತಲೆಯ ಮೇಲೆ ಕೆಂಪು ಟೋಪಿ, ಬಾಯಲ್ಲಿ ಚುಟ್ಟಾ.

ಕಾಂಗೋ ನದಿಯ ಈ ದಡದಲ್ಲಿ ಬ್ರಜಾವಿಲ್, ಆ ದಡದಲ್ಲಿ ಕಿನ್ಷಾಸಾ. ಎರಡೂ ಊರುಗಳಲ್ಲಿ ಹೀಗೆ ಉಡುವವರ ಒಂದು ಬಳಗವಿದೆ. ‘ಸಾಪೆರ್’ ಎಂದು ಅವರ ಹೆಸರು. ಅವರಲ್ಲಿ ಹೆಚ್ಚಿನವರು ಸಿರಿವಂತರಲ್ಲ. ವಾರವೆಲ್ಲ ದುಡಿದು ಭಾನುವಾರ ಗುಲಾಬಿಯೋ ಹಳದಿಯೋ ಹಸಿರೋ ಸೂಟು ತೊಟ್ಟು, ಕೈಯಲ್ಲಿ ಬೆತ್ತ ಹಿಡಿದು ಮಣ್ಣಿನ ಬೀದಿಗೆ ಇಳಿಯುತ್ತಾರೆ. ಅವರದು ಬಾಯಿಗೆ ಬಂದಂತೆ ಬಳಿದುಕೊಂಡ ಬಣ್ಣವಲ್ಲ. ಬ್ರಜಾವಿಲ್ಲಿನವರಲ್ಲಿ ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ಬಣ್ಣ ಕೂಡದೆಂಬ ಕಟ್ಟುನಿಟ್ಟು ಉಂಟು. ನದಿಯ ಆಚೆ ಝಯೀರಿನಲ್ಲಿ ಸರ್ವಾಧಿಕಾರಿ ಮೊಬುಟು 1970ರ ದಶಕದಲ್ಲಿ ಸೂಟು ಟೈಗಳನ್ನು ನಿಷೇಧಿಸಿ, ಗಂಡಸರೆಲ್ಲ ತಾನು ಹೇಳಿದ ಮುಚ್ಚುಗೊರಳಿನ ಅಂಗಿಯನ್ನೇ ತೊಡಬೇಕೆಂದು ವಿಧಿಸಿದ್ದ. ಅಂಥ ಕಾಲದಲ್ಲಿ ಪಾಪಾ ವೆಂಬಾ ಎಂಬ ಗಾಯಕ ಮನಸ್ಸಿಗೆ ಬಂದ ಉಡುಪು ತೊಟ್ಟು ವೇದಿಕೆ ಹತ್ತಿ ನಾಡಿನ ತರುಣರಿಗೆ ಮಾದರಿಯಾದ. 2016ರಲ್ಲಿ ಅವನು ಹಾಡುತ್ತಲೇ ವೇದಿಕೆಯ ಮೇಲೆ ಕುಸಿದು ತೀರಿಕೊಂಡ. ಒಂದು ಸೂಟು ದೊಡ್ಡ ರಾಜ್ಯಶಕ್ತಿಗೆ ಇರಿಸುಮುರಿಸು ತರಬಲ್ಲದೆಂದರೆ ನಂಬುವುದು ಕಷ್ಟ. ಆದರೂ ಅಂಥ ನಿಷೇಧವನ್ನು ಹೊರಡಿಸಬೇಕಾಯಿತಲ್ಲ!

ಈ ಸಾಪೆರ್‌ಗಳನ್ನು ಕಣ್ಣುಮುಚ್ಚಿ ಹೊಗಳುವಂತೆಯೂ ಇಲ್ಲ. ಒಂದು ಜೊತೆ ಪಾದರಕ್ಷೆಗಾಗಿ ತಿಂಗಳುಗಟ್ಟಲೆ ಗಳಿಕೆಯನ್ನು ಸುರಿಯುವವರು ಅವರಲ್ಲಿದ್ದಾರೆ. ಮನೆಯಲ್ಲಿ ಒಲೆ ಆರಿರುವಾಗ ಮೈಮೇಲೆ ಪ್ಯಾರಿಸ್ಸಿನ ರೇಷ್ಮೆ ಇದ್ದರೆ ಅದು ಎಂಥ ಸೊಗಸು? ಮಧ್ಯಮವರ್ಗದ ಸಂಸಾರಸ್ಥನಿಗೆ ಆ ದಾರಿ ಹೇಳತಕ್ಕದ್ದಲ್ಲ. ಆದರೆ ಬಣ್ಣಕ್ಕೂ ಬೆಲೆಗೂ ನಂಟಿಲ್ಲ. ಬೂದಿಬಣ್ಣದ ಷರ್ಟಿನ ಬೆಲೆಗೇ ನೇರಳೆ ಬಣ್ಣದ್ದೂ ಸಿಕ್ಕುತ್ತದೆ. ಅವರಿಂದ ಕಲಿಯಬೇಕಾದ್ದು ಆ ನಡಿಗೆ. ಚಿತ್ರದ ಆ ಮನುಷ್ಯ ಯಾರ ಮುಖವನ್ನೂ ನೋಡುತ್ತಿಲ್ಲ; ‘ಹೇಗಿದೆ?’ ಎಂದು ಯಾರನ್ನೂ ಕೇಳುತ್ತಿಲ್ಲ. ಬಣ್ಣದ ಬಟ್ಟೆ ತೊಟ್ಟು ಹಿಂಜರಿದು ನಡೆಯುವವನನ್ನು ಕಂಡರೆ ನಾಲ್ಕು ಜನ ನಗುತ್ತಾರೆ. ಬಟ್ಟೆ ಕಂಡು ಅಲ್ಲ, ಹಿಂಜರಿಕೆ ಕಂಡು.

ಮೇಷ್ಟರು ಚಿತ್ರವನ್ನು ಬಹಳ ಹೊತ್ತು ನೋಡಿದರು. “ಟೋಪಿ ಸೂಟಿಗೆ ಸರಿಯಾಗಿ ಕೂತಿದೆ,” ಎಂದರು. ಆಮೇಲೆ ಅಂಗಡಿಯ ಹುಡುಗನನ್ನು ಕರೆದು, “ಕನಕಾಂಬರದ ಬಣ್ಣದ್ದು ಇದೆಯೇನಪ್ಪ?” ಎಂದು ಕೇಳಿದರು.

ಹುಡುಗನಿಗೆ ಆ ಹೆಸರು ಗೊತ್ತಿರಲಿಲ್ಲ. “ಪೀಚ್ ಇದೆ ಸಾರ್, ಆರೆಂಜ್ ಇದೆ, ಕೋರಲ್ ಇದೆ,” ಎಂದು ಮೂರು ತಂದಿಟ್ಟ. ಗೋಡೆಗೆ ಒರಗಿದ್ದ ಮೇಷ್ಟರು ಈಗ ಮುಂದಕ್ಕೆ ಸರಿದು ಕುಳಿತರು. ಒಂದು ತೀರ ತೆಳು; ಇನ್ನೊಂದು ಕಿತ್ತಳೆಯೇ ಹೊರತು ಕನಕಾಂಬರವಲ್ಲ; ಮೂರನೆಯದರಲ್ಲಿ ಕೆಂಪು ಸ್ವಲ್ಪ ಸಾಲದು. ಹುಡುಗ ಮತ್ತೆ ಒಳಗೆ ಹೋದ. ಇನ್ನೂ ನಾಲ್ಕು ಬಂದವು. ಮೇಷ್ಟರು ಎರಡನ್ನು ಎತ್ತಿಕೊಂಡು, ಅಂಗಡಿಯ ದೀಪ ನಂಬುವಂಥದ್ದಲ್ಲವೆಂದು, ಬಾಗಿಲಾಚೆ ಬಿಸಿಲಿಗೆ ನಡೆದರು. ದೀಪದ ಕೆಳಗೆ ಒಂದಾಗಿ, ಬಿಸಿಲಿನಲ್ಲಿ ಇನ್ನೊಂದಾಗಿ ಕಾಣುವುದು ಬಣ್ಣದ ಸ್ವಭಾವ. ಹಿಂದಿನ ಕಾಲದ ಹೆಂಗಸರೆಲ್ಲ ಸೀರೆಯನ್ನು ಬೀದಿಬಾಗಿಲಿಗೆ ತಂದು ನೋಡುತ್ತಿದ್ದುದು ಅದಕ್ಕಾಗಿಯೇ. ಆ ವಿದ್ಯೆಯನ್ನು ಮೇಷ್ಟರು ಗೋಡೆಗೆ ಒರಗಿ ಕುಳಿತೇ ಐವತ್ತು ವರ್ಷಗಳಲ್ಲಿ ಕಲಿತುಬಿಟ್ಟಿದ್ದರು. ಬಟ್ಟೆಯನ್ನು ಕೆನ್ನೆಯ ಪಕ್ಕ ಹಿಡಿದು, ನಿಲ್ಲಿಸಿದ್ದ ಕಾರೊಂದರ ಗಾಜಿನಲ್ಲಿ ಮುಖ ನೋಡಿಕೊಂಡರು. ನರೆತ ಕೂದಲಿಗೆ, ಬಿಸಿಲಿಗೆ ಕಂದಿದ ಮೈಬಣ್ಣಕ್ಕೆ ಅದು ಇಪ್ಪತ್ತೊಂದರಲ್ಲಿ ಒಪ್ಪಿದ್ದಕ್ಕಿಂತ ಚೆನ್ನಾಗಿಯೇ ಒಪ್ಪುತ್ತಿತ್ತು. ವಯಸ್ಸಾದವರಿಗೆ ಬಣ್ಣ ಸಲ್ಲದೆನ್ನುವವರು ನರೆಗೂದಲಿನ ಪಕ್ಕ ಕೆಂಪನ್ನು ಎಂದೂ ಇಟ್ಟು ನೋಡಿದವರಲ್ಲ.

ಒಳಗೆ ಬಂದು, “ಇದು,” ಎಂದರು.

“ಇದರ ಮೇಲೆ ಹಸಿರಂಚಿನ ಶಲ್ಯ ಹಾಕಿ, ಚೆನ್ನಾಗಿರುತ್ತೆ,” ಎಂದು ಅವರ ಹೆಂಡತಿ ಅಭ್ಯಾಸಬಲದಿಂದ ಹೇಳಿದರು.

“ಬೇಡ. ಅದೇ ಒಂದು ಮಾತಾಡಲಿ. ಪಂಚೆ, ಶಲ್ಯ ಎರಡೂ ಕೆನೆಬಣ್ಣದ್ದೇ ಇರಲಿ,” ಎಂದರು ಮೇಷ್ಟರು.

ಆಕೆ ಗಂಡನನ್ನು ಒಂದು ಗಳಿಗೆ ನೋಡಿ, ಶಲ್ಯವನ್ನು ಮಡಿಸಿ ಬದಿಗಿಟ್ಟರು. ಸಂಸಾರದಲ್ಲಿ ಸಣ್ಣ ಅಧಿಕಾರವೊಂದು ಕೈ ಬದಲಾಯಿಸಿದ್ದು ಅಂಗಡಿಯಲ್ಲಿ ಮತ್ತಾರ ಗಮನಕ್ಕೂ ಬರಲಿಲ್ಲ. ಬಿಲ್ಲು ಹಾಕಿಸುವಾಗ ಹುಡುಗ, ಬಣ್ಣ ಬಿಟ್ಟೀತು, ಮೊದಲ ಸಲ ಬೇರೆಯಾಗಿ ಉಪ್ಪುನೀರಿನಲ್ಲಿ ನೆನೆಸಿ ನೆರಳಿನಲ್ಲಿ ಒಣಗಿಸಿ ಎಂದು ಆಕೆಗೆ ಹೇಳಹೊರಟ. “ಅವರಿಗೇ ಹೇಳಪ್ಪ,” ಎಂದರು ಆಕೆ.

ಕಾರ್ತಿಕದಲ್ಲಿ ಮದುವೆ ನಡೆಯಿತು. ಮೇಷ್ಟರು ಧಾರೆಯ ಹೊತ್ತಿಗೆ ಕನಕಾಂಬರದ ಷರ್ಟು ತೊಟ್ಟು ಬಂದಾಗ ಹಳೆಯ ಸಹೋದ್ಯೋಗಿಯೊಬ್ಬರು ಹುಬ್ಬೇರಿಸಿದರು. ಬೀಗರ ಕಡೆಯ ಹುಡುಗರು ಅವರನ್ನು ಎಳೆದು ನಿಲ್ಲಿಸಿ ಚಿತ್ರ ತೆಗ಼ೆಸಿಕೊಂಡರು. ಅಡಿಗೆಯವರು ಹೋಳಿಗೆಗೆ ತುಪ್ಪ ಬಡಿಸುವುದನ್ನು ಮರೆಯಲಿಲ್ಲ. ಆದರೆ ಮದುವೆ ಎಂಬುದು, ಮೇಲೆ ಹೇಳಿದಂತೆ, ಗಂಡಸಿನ ಬಣ್ಣಕ್ಕೆ ಅಪ್ಪಣೆಯಿರುವ ಜಾಗ. ಅಲ್ಲಿ ತೊಟ್ಟದ್ದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ.

ಮದುವೆಯಾಗಿ ಒಂದು ವಾರ ಕಳೆದಿರಬೇಕು. ಮೊಮ್ಮಗಳು ಗಂಡನ ಮನೆಗೆ ಹೋಗಿ ಮನೆ ಬಿಕೋ ಎನ್ನುತ್ತಿತ್ತು. ಬೆಳಿಗ್ಗೆ ಆರೂವರೆಗೆ ಮೇಷ್ಟರು ಎಂದಿನಂತೆ ಚೀಲ ಹಿಡಿದು ಮೂಲೆಯ ನಂದಿನಿ ಬೂತಿಗೆ ಹಾಲು ತರಲು ಹೊರಟರು. ಮೈಮೇಲೆ ಅದೇ ಷರ್ಟು. ಉಪ್ಪುನೀರಿನಲ್ಲಿ ನೆನೆದು, ನೆರಳಿನಲ್ಲಿ ಒಣಗಿ, ಅವರ ಕೈಯಿಂದಲೇ ಇಸ್ತ್ರಿಯಾದದ್ದು. ಬೂತಿನವನು ಎರಡು ಪೊಟ್ಟಣ ಎತ್ತಿ ಕೊಡುತ್ತ ತಲೆಯೆತ್ತಿ ನೋಡಿ, “ಏನ್ ಸಾರ್, ಇವತ್ತು ಹಬ್ಬವಾ?” ಎಂದು ಕೇಳಿದ.

“ಇಲ್ಲಪ್ಪ, ಮಂಗಳವಾರ,” ಎಂದು ಮೇಷ್ಟರು ಚಿಲ್ಲರೆ ಎಣಿಸಿ ಕೊಟ್ಟು, ಹಾಲಿನ ಚೀಲ ಹಿಡಿದು, ಬರುವಾಗ ಬಂದ ಅಡ್ಡದಾರಿಯನ್ನು ಬಿಟ್ಟು ದೊಡ್ಡ ಬೀದಿಯ ಕಡೆಗೆ ತಿರುಗಿದರು.